ಮೂಟೆ ಹೆಚ್ಚಿದರೂ ಫಸಲು ಹೆಚ್ಚದ ತೋಟಗಳು: ಹುಳಿಗಟ್ಟಿದ ಮಣ್ಣಿನ ಆರೈಕೆ



ಗೊಬ್ಬರದ ಕಂತು ಬಂದಾಗಲೆಲ್ಲ ಸಂಘದ ಮಳಿಗೆಯ ಕಟ್ಟೆಯ ಮೇಲೆ ನಮ್ಮ ಕಿವಿಗೆ ಬೀಳುವ ಮಾತು ಹೆಚ್ಚುಕಡಿಮೆ ಒಂದೇ. "ಹೋದ ವರ್ಷಕ್ಕಿಂತ ನಾಲ್ಕು ಮೂಟೆ ಜಾಸ್ತಿಯೇ ಹಾಕಿದೆ ಮಾರಾಯ್ರೆ, ತೋಟ ಮಾತ್ರ ಏಳ್ತಾ ಇಲ್ಲ." ಪಕ್ಕದಲ್ಲಿ ಕುಳಿತವರು ಕೊಡುವ ಸಲಹೆಯೂ ಒಂದೇ: ಇನ್ನೆರಡು ಮೂಟೆ ಹಾಕಿ ನೋಡಿ. ಮೂಟೆ ಮಾರುವುದು ಸಂಘದ ವ್ಯವಹಾರವೇ ಆಗಿರುವಾಗ ಕಾರ್ಯದರ್ಶಿಯಾದವರು ಅದಕ್ಕೆ ವಿರುದ್ಧವಾಗಿ ಬರೆಯುವುದು ವಿಚಿತ್ರವೆಂದು ಕೆಲವರಿಗೆ ತೋರಬಹುದು. ಆದರೆ ಸದಸ್ಯರ ಬೆಳೆಸಾಲದ ಖಾತೆ ಪುಸ್ತಕವೂ ನಮ್ಮ ಮೇಜಿನ ಮೇಲೆಯೇ ಇದೆ. ಗೊಬ್ಬರದ ಬಾಬ್ತು ಏರುತ್ತ, ಅಂಗಳಕ್ಕೆ ಬರುವ ಅಡಿಕೆಯೂ ಕಣಕ್ಕೆ ಬರುವ ಕಾಫಿಯೂ ಇಳಿಯುತ್ತ ಹೋಗುವ ಖಾತೆಗಳನ್ನು ಕಂಡೂ ಸುಮ್ಮನಿರುವುದು ಸರಿಯಲ್ಲ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಇಂಥ ತೋಟಗಳಲ್ಲಿ ಬಹುಪಾಲಿಗೆ ಗೊಬ್ಬರದ ಕೊರತೆಯಿಲ್ಲ. ಅವುಗಳ ಮಣ್ಣು ಹುಳಿಗಟ್ಟಿದೆ, ಸಾರವನ್ನು ಹಿಡಿದಿಡುವ ಶಕ್ತಿಯನ್ನು ಕಳೆದುಕೊಂಡಿದೆ. ಇದನ್ನು ಸರಿಪಡಿಸದೆ ಎಷ್ಟು ಮೂಟೆ ಸುರಿದರೂ ಅದರಲ್ಲಿ ದೊಡ್ಡ ಪಾಲು ಆಷಾಢದ ಮಳೆಗೆ ಹಳ್ಳ ಸೇರುತ್ತದೆ.

ನಮ್ಮದು ಹೆಚ್ಚಾಗಿ ಜಂಬಿಟ್ಟಿಗೆ ಮಣ್ಣು. ಕರಾವಳಿಯ ಕಡೆ ಮುರಕಲ್ಲು ಎನ್ನುತ್ತಾರೆ. ಫ್ರಾನ್ಸಿಸ್ ಬುಕನನ್ ಎಂಬಾತ 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸೀಮೆಗಳಲ್ಲಿ ತಿರುಗಾಡಿ, ಇಟ್ಟಿಗೆಯಂತೆ ಕತ್ತರಿಸಿ ಮನೆ ಕಟ್ಟುವ ಈ ಕಲ್ಲಿಗೆ ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಮಾತಿನಿಂದಲೇ ಲ್ಯಾಟರೈಟ್ ಎಂದು ಹೆಸರಿಟ್ಟನು. ಸಾವಿರಾರು ವರ್ಷ ಮಳೆ ಹೊಡೆದು, ಕರಗುವ ಸುಣ್ಣ, ಮೆಗ್ನೀಷಿಯಂ, ಪೊಟ್ಯಾಷ್‌ಗಳೆಲ್ಲ ತೊಳೆದುಹೋಗಿ, ಕರಗದ ಕಬ್ಬಿಣವೂ ಅಲ್ಯೂಮಿನಿಯಮ್ಮೂ ಉಳಿದುಕೊಂಡು ಆದ ಮಣ್ಣು ಇದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಬೀಳುತ್ತದೆ. ಅದರ ಮೂರನೆಯ ಒಂದು ಪಾಲು ಬೀಳುವ ಊರುಗಳಲ್ಲೂ ಈ ತೊಳೆತ ಇಂದಿಗೂ ನಿಂತಿಲ್ಲ.

ಮಣ್ಣು ಸಾರವನ್ನು ಹಿಡಿದಿಡುವ ಬಗೆಯನ್ನು ನಮ್ಮ ಗೋದಾಮಿಗೆ ಹೋಲಿಸಬಹುದು. ಮಣ್ಣಿನ ಜೇಡಿಕಣಗಳ ಮೈಮೇಲೆ ಸುಣ್ಣ, ಮೆಗ್ನೀಷಿಯಂ, ಪೊಟ್ಯಾಷ್ ಮುಂತಾದವು ಅಂಟಿಕೊಂಡು ಕೂರಲು ಸ್ಥಳಗಳಿವೆ. ಬಯಲುಸೀಮೆಯ ಎರೆಮಣ್ಣಿನಲ್ಲಿ ಇಂಥ ಸ್ಥಳ ಬಹಳ. ಜಂಬಿಟ್ಟಿಗೆಯ ಜೇಡಿಯಲ್ಲಿ ತೀರ ಕಡಿಮೆ. ಐವತ್ತು ಮೂಟೆ ಹಿಡಿಸುವ ಗೋದಾಮಿಗೆ ಇನ್ನೂರು ಮೂಟೆ ಇಳಿಸಿದರೆ ಉಳಿದದ್ದು ಹೊರಗೆ ಮಳೆಯಲ್ಲಿ ನೆನೆಯಬೇಕಷ್ಟೆ. ನಮ್ಮ ಮಣ್ಣಿಗೆ ಇರುವ ದೊಡ್ಡ ಗೋದಾಮೆಂದರೆ ಕೊಳೆತ ಸೊಪ್ಪು, ದರಗು, ಸಗಣಿಗಳಿಂದಾದ ಕಪ್ಪು ಪದಾರ್ಥ. ಅದು ಕರಗಿದಂತೆ ಗೋದಾಮು ಕುಗ್ಗುತ್ತದೆ. ಇರುವ ಸ್ಥಳವನ್ನೂ ಹುಳಿಯ ಅಂಶವೂ ಅಲ್ಯೂಮಿನಿಯಮ್ಮೂ ಆಕ್ರಮಿಸಿಕೊಂಡರೆ ನಾವು ಹಾಕಿದ ಪೊಟ್ಯಾಷ್‌ಗೆ ಕೂರಲು ಜಾಗವೇ ಇರುವುದಿಲ್ಲ.

ಈ ಹುಳಿಯನ್ನು ಅಳೆಯುವ ಮಾನಕ್ಕೆ ರಸಸಾರ ಎನ್ನುತ್ತಾರೆ. 7 ಎಂದರೆ ಸಮ, ಅದಕ್ಕಿಂತ ಇಳಿದಷ್ಟೂ ಹುಳಿ. ಇಲ್ಲಿ ಒಂದು ವಿಷಯವನ್ನು ಮರೆಯಬಾರದು. 6 ಇದ್ದದ್ದು 5ಕ್ಕೆ ಇಳಿದರೆ ಹುಳಿ ಹತ್ತು ಪಟ್ಟು ಹೆಚ್ಚಾಯಿತೆಂದು ಅರ್ಥ. ಕಾಫಿಗೆ 6ರಿಂದ 6.5ರವರೆಗೆ ಹಿತ. 5.5ರ ಕೆಳಗೆ ಇಳಿದಂತೆ ಮಣ್ಣಿನಲ್ಲಿ ನಿರುಪದ್ರವಿಯಾಗಿ ಬಿದ್ದಿದ್ದ ಅಲ್ಯೂಮಿನಿಯಂ ಕರಗಲಾರಂಭಿಸಿ ಎಳೆಬೇರಿನ ತುದಿಯನ್ನು ಕೆಡಿಸುತ್ತದೆ. ಬೇರು ಉದ್ದ ಹರಿಯದೆ ಮೊಂಡಾಗಿ ದಪ್ಪವಾಗುತ್ತದೆ. ಹಾಕಿದ ರಂಜಕವು ಕಬ್ಬಿಣ, ಅಲ್ಯೂಮಿನಿಯಂಗಳೊಡನೆ ಕಟ್ಟಿಕೊಂಡು ಗಿಡಕ್ಕೆ ಸಿಗದಂತಾಗುತ್ತದೆ. ದರಗನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಂದವಾಗುತ್ತವೆ, ಎರೆಹುಳು ಕಡಿಮೆಯಾಗುತ್ತದೆ. ಹಾಲುವಾಣದ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿಯುವ ಕೆಲಸವೂ ಕುಂಠಿತವಾಗುತ್ತದೆ. ಅರೆಬಿಸಿಲಿಗೇ ಕಾಫಿ ಗಿಡ ಬಾಡುತ್ತದೆ, ಒಂದು ವರ್ಷ ಕಾಯಿ ಹಿಡಿದರೆ ಮರುವರ್ಷ ರೆಕ್ಕೆ ಒಣಗುತ್ತದೆ, ಎಂದು ದೂರುವವರು ಮೊದಲು ಗಿಡದ ಬುಡವನ್ನು ಒಂದು ಗೇಣು ಬಿಡಿಸಿ ಎಳೆಬೇರನ್ನು ನೋಡಬೇಕು.

ಮಳೆ ನಮ್ಮ ಕೈಯಲ್ಲಿಲ್ಲ. ಆದರೆ ಹುಳಿಯ ಇನ್ನೊಂದು ಪಾಲು ನಾವೇ ಹೊತ್ತು ಹಾಕಿದ್ದು. ಯೂರಿಯಾ ಮಣ್ಣಿನಲ್ಲಿ ಮಾರ್ಪಾಟಾಗುವಾಗ ಹುಳಿಯನ್ನು ಬಿಡುತ್ತದೆ. 100 ಕಿಲೋ ಯೂರಿಯಾದ ಹುಳಿಯನ್ನು ಕಳೆಯಲು ಸುಮಾರು 80 ಕಿಲೋ ಸುಣ್ಣದಕಲ್ಲಿನ ಪುಡಿ ಬೇಕೆಂಬುದು ಪಠ್ಯಪುಸ್ತಕಗಳ ಲೆಕ್ಕ. ಅಮೋನಿಯಂ ಸಲ್ಫೇಟ್ ಆದರೆ 110 ಕಿಲೋ. ಈಗ ತೋಟದ ಲೆಕ್ಕ ಹಾಕೋಣ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬುದು ಎಲ್ಲರಿಗೂ ಗೊತ್ತಿರುವ ಶಿಫಾರಸು. ಒಂಬತ್ತು ಅಡಿ ಅಂತರದ ಎಕರೆ ತೋಟದಲ್ಲಿ ಸುಮಾರು 550 ಮರಗಳೆಂದರೆ ಸಾರಜನಕ 55 ಕಿಲೋ, ಅಂದರೆ ಯೂರಿಯಾ 120 ಕಿಲೋ. ಅದರ ಹುಳಿ ಕಳೆಯಲು ವರ್ಷಕ್ಕೆ 96 ಕಿಲೋ ಸುಣ್ಣದಪುಡಿ ಬೇಕಾಯಿತು. ಹತ್ತು ವರ್ಷ ಯೂರಿಯಾ ಹಾಕಿ ಒಮ್ಮೆಯೂ ಸುಣ್ಣ ಹಾಕದ ತೋಟವು ಎಕರೆಗೆ ಸುಮಾರು ಒಂದು ಟನ್ ಸುಣ್ಣದ ಸಾಲದಲ್ಲಿದೆ. ಇದು ಶಿಫಾರಸಿನಷ್ಟೇ ಹಾಕಿದವರ ಲೆಕ್ಕ. "ನಾಲ್ಕು ಮೂಟೆ ಜಾಸ್ತಿ" ಹಾಕಿದವರು ತಮ್ಮ ಲೆಕ್ಕವನ್ನು ತಾವೇ ಹಾಕಿಕೊಳ್ಳಬಹುದು. ಈಗಿನ 45 ಕಿಲೋ ಚೀಲ ಯೂರಿಯಾದ ಹಿಂದೆ 36 ಕಿಲೋ ಸುಣ್ಣದಪುಡಿ ಇರಬೇಕೆಂದು ನೆನಪಿಟ್ಟುಕೊಂಡರೆ ಸಾಕು. ಅದೂ ಅಲ್ಲದೆ ಈ ಗೊಬ್ಬರವೆಲ್ಲ ಬೀಳುವುದು ಮರದ ಸುತ್ತ ಎರಡೂವರೆ ಮೂರು ಅಡಿಯ ಬಳಸಿನಲ್ಲಿ. ಹುಳಿಯೂ ಅಲ್ಲಿಯೇ, ಊಟದ ಬೇರಿರುವ ಕಡೆಯೇ, ಶೇಖರವಾಗುತ್ತದೆ.

"ನಾವು ಸುಣ್ಣ ಹಾಕುತ್ತಲೇ ಇದ್ದೇವಲ್ಲ, ಬೋರ್ಡೋದಲ್ಲಿ?" ಎಂದು ಕೇಳುವವರಿದ್ದಾರೆ. ಶೇಕಡಾ 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರಿಗೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ. ಮರಕ್ಕೆ ಒಂದು ಲೀಟರಿನಂತೆ ಎರಡು ಸಿಂಪಡಣೆಯೆಂದು ಹಿಡಿದರೆ ಎಕರೆಗೆ 1,100 ಲೀಟರ್, ಸುಣ್ಣ 11 ಕಿಲೋ. ಅದರಲ್ಲಿಯೂ ಒಂದು ಪಾಲು ಮೈಲುತುತ್ತದ ಹುಳಿಯನ್ನು ಕಳೆಯುವುದಕ್ಕೇ ಖರ್ಚಾಗಿರುತ್ತದೆ. 96 ಕಿಲೋವಿನ ಎದುರು ಇದು ಲೆಕ್ಕಕ್ಕಿಲ್ಲ. ಆದರೆ ಮೈಲುತುತ್ತದ ತಾಮ್ರ ಲೆಕ್ಕಕ್ಕುಂಟು. ಮೈಲುತುತ್ತದಲ್ಲಿ ಕಾಲು ಪಾಲು ತಾಮ್ರ. 11 ಕಿಲೋದಲ್ಲಿ ಎರಡೂ ಮುಕ್ಕಾಲು ಕಿಲೋ. ಸುಣ್ಣದಂತೆ, ಪೊಟ್ಯಾಷ್‌ನಂತೆ ತಾಮ್ರ ತೊಳೆದುಹೋಗುವುದಿಲ್ಲ, ಮೇಲ್ಮಣ್ಣಿನಲ್ಲಿ ಉಳಿದು ವರ್ಷದಿಂದ ವರ್ಷಕ್ಕೆ ಸೇರುತ್ತ ಹೋಗುತ್ತದೆ. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅವರು ಕೊಳೆರೋಗವನ್ನು ಅಭ್ಯಸಿಸಿ ಬೋರ್ಡೋ ಸಿಂಪಡಣೆಯನ್ನು ರೂಢಿಗೆ ತಂದು ನೂರು ವರ್ಷ ದಾಟಿತು. ಆ ಔಷಧ ಇಲ್ಲದಿದ್ದರೆ ಎಷ್ಟೋ ತೋಟಗಳೇ ಇರುತ್ತಿರಲಿಲ್ಲ; ಸಿಂಪಡಣೆ ಬಿಡಿರೆಂದು ನಾವು ಹೇಳುತ್ತಿಲ್ಲ. ತಾಮ್ರವು ಎರೆಹುಳುವಿಗೆ ವಿಷ, ಹುಳಿ ಮಣ್ಣಿನಲ್ಲಿ ಅದರ ಉಪದ್ರವ ಹೆಚ್ಚು, ರಸಸಾರ ಏರಿದಂತೆ ಹಾಗೂ ಸಾವಯವ ಪದಾರ್ಥ ಹೆಚ್ಚಿದಂತೆ ಕಡಿಮೆ, ಎಂಬುದಷ್ಟು ಗಮನದಲ್ಲಿರಲಿ. ಉಳಿದ ದ್ರಾವಣವನ್ನು ಒಂದೇ ಮರದ ಬುಡಕ್ಕೆ ಸುರಿಯುವ ಪದ್ಧತಿಯನ್ನಾದರೂ ಬಿಡಬೇಕು.

ಹಾಗಾದರೆ ಎಷ್ಟು ಸುಣ್ಣ? ಇದಕ್ಕೆ ಪರೀಕ್ಷೆಯೊಂದೇ ಉತ್ತರ. ಒಂದೇ ರಸಸಾರ ತೋರಿಸುವ ಎರಡು ಮಣ್ಣುಗಳಿಗೆ ಬೇಕಾಗುವ ಸುಣ್ಣ ಒಂದೇ ಆಗಿರುವುದಿಲ್ಲ. ಜೇಡಿ ಮತ್ತು ಸಾವಯವ ಪದಾರ್ಥ ಹೆಚ್ಚಿರುವ ಮಣ್ಣು ತನ್ನ ಹುಳಿಯನ್ನು ಬಿಡಲು ಹೆಚ್ಚು ಸುಣ್ಣ ಕೇಳುತ್ತದೆ, ಮರಳು ಮಿಶ್ರಿತ ಮಣ್ಣಿಗೆ ಕಡಿಮೆ ಸಾಕು. ನೆರೆಯವರು ಹಾಕಿದರೆಂದು ಅಷ್ಟನ್ನೇ ತಂದು ಹಾಕುವುದು ಸಲ್ಲದು. ಅತಿಯಾಗಿ ಸುಣ್ಣ ಹಾಕಿದರೆ ಸತು, ಬೋರಾನ್, ಮ್ಯಾಂಗನೀಸುಗಳು ಗಿಡಕ್ಕೆ ಸಿಗದಂತಾಗಿ ಹೊಸ ರೋಗವನ್ನು ಮನೆಗೆ ಕರೆದಂತಾಗುತ್ತದೆ. ಎಕರೆಗೆ ಒಂದು ಟನ್ನಿನ ಸುತ್ತಮುತ್ತ ಬೇಕೆಂದು ಪರೀಕ್ಷೆ ಹೇಳಿದರೆ ಅದನ್ನು ಎರಡು ವರ್ಷಗಳಿಗೆ ಹಂಚಿ ಹಾಕುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ.

ಸುಣ್ಣದ ಬಗೆಗಳಲ್ಲಿಯೂ ವ್ಯತ್ಯಾಸವುಂಟು. 100 ಕಿಲೋ ಸುಣ್ಣದಕಲ್ಲಿನ ಪುಡಿ ಮಾಡುವ ಕೆಲಸವನ್ನು ಅರಳಿದ ಸುಣ್ಣ 74 ಕಿಲೋ, ಸುಟ್ಟ ಸುಣ್ಣ 56 ಕಿಲೋ ಮಾಡುತ್ತವೆ. ಆದುದರಿಂದ ಬೆಲೆ ಹೋಲಿಸುವಾಗ ಮೂಟೆಯ ದರವನ್ನಲ್ಲ, ಈ ಲೆಕ್ಕವನ್ನು ನೋಡಬೇಕು. ಸುಟ್ಟ ಸುಣ್ಣ ಬೇಗ ಕೆಲಸ ಮಾಡುತ್ತದೆ, ಆದರೆ ಕೈ ಸುಡುತ್ತದೆ, ಎಳೆಬೇರಿಗೂ ಒಳ್ಳೆಯದಲ್ಲ. ಡೋಲೊಮೈಟಿನಲ್ಲಿ ಸುಣ್ಣದೊಡನೆ ಮೆಗ್ನೀಷಿಯಮ್ಮೂ ಇದೆ. ಹಳೆಯ ಎಲೆಗಳಲ್ಲಿ ನರಗಳು ಹಸಿರಾಗಿದ್ದು ನಡುವೆ ಹಳದಿ ಬಿದ್ದಿರುವ ತೋಟಗಳಿಗೆ ಅದೇ ಲೇಸು. ಯಾವುದೇ ಇರಲಿ, ಪುಡಿ ನುಣ್ಣಗಿರಬೇಕು. ಉಸುಕಿನಂತಿರುವ ಸುಣ್ಣದಕಲ್ಲು ಕರಗುವುದರೊಳಗೆ ತೋಟ ಮಕ್ಕಳ ಕೈಗೆ ಹೋಗಿರುತ್ತದೆ.

ಮಳೆಗಾಲ ಮುಗಿದು ಮಣ್ಣಿನಲ್ಲಿ ತೇವ ಇನ್ನೂ ಇರುವಾಗ, ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ, ಸುಣ್ಣವನ್ನು ಹರಡಿ ಹಗುರವಾಗಿ ಮಣ್ಣಿಗೆ ಬೆರೆಸಬೇಕು. ಕಾಫಿಯಲ್ಲಿ ಅಗತೆಯ ಸಮಯಕ್ಕೆ ಹೊಂದಿಸಿಕೊಂಡರೆ ಆಳಿನ ಖರ್ಚು ಉಳಿಯುತ್ತದೆ. ಅಡಿಕೆಯಲ್ಲಿ ಬುಡಕ್ಕೆ ಗುಡ್ಡೆ ಹಾಕದೆ ಬಳಸಿನ ತುಂಬ ಉದುರಿಸಬೇಕು. ಸುಣ್ಣದೊಡನೆ ಯೂರಿಯಾ, ಅಮೋನಿಯಂ ಸಲ್ಫೇಟುಗಳನ್ನು ಬೆರೆಸಲೇಬಾರದು. ಸಾರಜನಕವು ಹೊಗೆಯಾಗಿ ಗಾಳಿ ಸೇರುತ್ತದೆ. ನಡುವೆ ಒಂದು ತಿಂಗಳಾದರೂ ಅಂತರವಿರಲಿ. ಶಿಲಾರಂಜಕವನ್ನು ಕರಗಿಸುವುದು ಮಣ್ಣಿನ ಹುಳಿಯೇ ಆದುದರಿಂದ ಅದನ್ನೂ ಸುಣ್ಣವನ್ನೂ ಒಟ್ಟಿಗೆ ಹಾಕಿದರೆ ಎರಡೂ ವ್ಯರ್ಥ. ಮೊದಲು ಶಿಲಾರಂಜಕ ಹಾಕಿ, ಸುಣ್ಣಕ್ಕೆ ಹಲವು ತಿಂಗಳು ಬಿಡಬೇಕು. ಸುಣ್ಣ ಹಾಕಿದ ಮೂರನೆಯ ವಾರಕ್ಕೇ ಬಂದು "ಏನೂ ಗುಣ ಕಾಣಲಿಲ್ಲ" ಎನ್ನುವವರಿಗೆ ನಾವು ಹೇಳುವುದು, ಒಂದು ಮಳೆಗಾಲ ಕಳೆಯಲಿ ಎಂದು.

ಅಡಿಕೆ ಬೇಯಿಸುವ ಒಲೆಯ ಬೂದಿಯ ಬಗ್ಗೆ ಒಂದು ಮಾತು. ಅದರಲ್ಲಿ ಸುಣ್ಣವೂ ಇದೆ, ಪೊಟ್ಯಾಷ್ ಕೂಡ ಇದೆ. ಮಳೆಗೆ ನೆನೆದರೆ ಪೊಟ್ಯಾಷ್ ಕರಗಿಹೋಗುತ್ತದೆ. ಒಣಗಿದ ಕಡೆ ಕೂಡಿಟ್ಟು ತೋಟಕ್ಕೆ ಹಾಕುವ ಹಿರಿಯರ ಪದ್ಧತಿ ಸರಿಯಾದುದೇ. ಅಂಗಳದ ಮೂಲೆಯಲ್ಲಿ ನೆನೆಯಲು ಬಿಟ್ಟು ಅದೇ ವಾರ ಪೊಟ್ಯಾಷ್ ಮೂಟೆಗೆ ಸಂಘಕ್ಕೆ ಬರುವವರನ್ನು ನೋಡಿ ನಮಗೆ ಆಶ್ಚರ್ಯವಾಗುತ್ತದೆ.

ಸುಣ್ಣವು ಜಾಗ ತೆರವು ಮಾಡಿಕೊಡುತ್ತದೆ. ಗೋದಾಮು ದೊಡ್ಡದಾಗಬೇಕಾದರೆ ಸಾವಯವ ಪದಾರ್ಥವೇ ಬೇಕು. ಅಡಿಕೆಗೆ ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಹಸಿರು ಸೊಪ್ಪು, 12 ಕಿಲೋ ಕೊಟ್ಟಿಗೆ ಗೊಬ್ಬರ ಅಥವಾ ಕಾಂಪೋಸ್ಟ್ ಎಂಬುದೂ ಶಿಫಾರಸಿನ ಭಾಗವೇ. ಯೂರಿಯಾದ ಗ್ರಾಮು ಬಾಯಿಪಾಠವಿರುವ ನಮ್ಮಲ್ಲಿ ಎಷ್ಟೋ ಜನ ಆ ಸಾಲನ್ನು ಮರೆತುಬಿಟ್ಟಿದ್ದೇವೆ. ಎಕರೆಗೆ ಆರೂವರೆ ಟನ್ ಸೊಪ್ಪು, ಅಷ್ಟೇ ಗೊಬ್ಬರ! ಹಿಂದಿನವರಿಗೆ ಇದು ಎಲ್ಲಿಂದ ಬರುತ್ತಿತ್ತೆಂದರೆ ಬೆಟ್ಟದಿಂದ. ಉತ್ತರ ಕನ್ನಡದ ಘಟ್ಟದ ಮೇಲೆ ಎಕರೆ ತೋಟಕ್ಕೆ 9 ಎಕರೆಯವರೆಗೂ ಸೊಪ್ಪಿನ ಬೆಟ್ಟದ ಹಕ್ಕು ಕೊಟ್ಟದ್ದು ಸುಮ್ಮನೆ ಅಲ್ಲ. ದಕ್ಷಿಣ ಕನ್ನಡದ ಕುಮ್ಕಿ, ಕೊಡಗಿನ ಬಾಣೆ, ಎಲ್ಲವೂ ಸಾಗುವಳಿ ಭೂಮಿಗೆ ಸೊಪ್ಪು, ಮೇವು, ಸೌದೆ ಒದಗಿಸುವ ನೆಲಗಳಾಗಿದ್ದವು. ಇಂದು ಎಷ್ಟೋ ಬೆಟ್ಟಗಳು ಬೋಳಾಗಿವೆ. ಕೆಲವು ಅಕೇಶಿಯಾ ತೋಪುಗಳಾಗಿವೆ, ಅದರ ಎಲೆ ಬೇಗ ಕೊಳೆಯದು. ಇನ್ನು ಕೆಲವು ಬೆಟ್ಟಗಳೇ ತೋಟಗಳಾಗಿ, ತಾವೂ ಸೊಪ್ಪು ಕೇಳುತ್ತಿವೆ. ಕೊಟ್ಟಿಗೆಯಲ್ಲಿ ದನಗಳೂ ಕಡಿಮೆ. ಬೆಟ್ಟ ಇರುವವರು ಅದನ್ನು ಸೋಗೆಯಂತೆ ಪ್ರತಿವರ್ಷ ಬೋಳಿಸದೆ, ಭಾಗ ಮಾಡಿಕೊಂಡು ಮೂರು ನಾಲ್ಕು ವರ್ಷಕ್ಕೊಮ್ಮೆ ಸರದಿಯ ಮೇಲೆ ಸವರಿದರೆ ಮತ್ತೆ ಚಿಗುರೀತು. ಇಲ್ಲದವರು ಬೇಲಿಯುದ್ದಕ್ಕೂ ಗ್ಲಿರಿಸಿಡಿಯಾ ನೆಡಬಹುದು. ಕಡ್ಡಿ ಊರಿದರೆ ಬದುಕುವ ಗಿಡ, ಎಲೆಯಲ್ಲಿ ಸಾರಜನಕ ಹೇರಳ.

ತೋಟದಲ್ಲಿ ಹುಟ್ಟಿದ್ದನ್ನು ತೋಟಕ್ಕೇ ಹಿಂತಿರುಗಿಸುವುದು ಎಲ್ಲಕ್ಕಿಂತ ಅಗ್ಗ. ಸೋಗೆ, ಹಾಳೆ, ಸಿಪ್ಪೆ, ಬರಿಗೊನೆ ಸೇರಿ ಅಡಿಕೆ ತೋಟದಲ್ಲಿ ಹೆಕ್ಟೇರಿಗೆ ವರ್ಷಕ್ಕೆ 5.5ರಿಂದ 6 ಟನ್, ಎಂದರೆ ಎಕರೆಗೆ ಎರಡು ಟನ್ನಿಗೂ ಮಿಗಿಲು, ಒಣ ಪದಾರ್ಥ ಸಿಗುತ್ತದೆ. ಇದನ್ನು ತುಂಡರಿಸಿ ಸಗಣಿ ಬಗ್ಗಡದಲ್ಲಿ ನೆನೆಸಿ, ಆಫ್ರಿಕಾ ಮೂಲದ ಯೂಡ್ರಿಲಸ್ ಎರೆಹುಳುವನ್ನು ಬಿಟ್ಟು ಗೊಬ್ಬರ ಮಾಡುವ ಕ್ರಮವನ್ನು ವಿಟ್ಲದ ಸಂಶೋಧನಾ ಕೇಂದ್ರದವರು ಬಹಳ ಹಿಂದೆಯೇ ತೋರಿಸಿಕೊಟ್ಟಿದ್ದಾರೆ. ಸಿಪ್ಪೆ ನಾರಿನ ವಸ್ತು, ನಿಧಾನ; ಅದನ್ನು ರಸ್ತೆಯಂಚಿನಲ್ಲಿ ಸುಡುವುದು ಬೇಡ.

ಕಾಫಿಯವರಿಗೂ ಇದೇ ಮಾತು. ಒಂದು ಟನ್ ಶುದ್ಧ ಅರೇಬಿಕಾ ಕಾಫಿ ತೋಟದಿಂದ ಹೊರಹೋಗುವಾಗ ಹಣ್ಣಿನೊಡನೆ ಸುಮಾರು 35 ಕಿಲೋ ಸಾರಜನಕ, 5 ಕಿಲೋ ರಂಜಕ, 45 ಕಿಲೋ ಪೊಟ್ಯಾಷ್ ಹೋಗುತ್ತದೆ. ಗೊಬ್ಬರವೇ ಬೇಡ, ಭೂಮಿತಾಯಿ ಎಲ್ಲವನ್ನೂ ಕೊಡುತ್ತಾಳೆ ಎನ್ನುವವರ ಮಾತನ್ನು ನಾವು ಒಪ್ಪದಿರುವುದು ಈ ಕಾರಣದಿಂದ; ಹೋದದ್ದು ಎಲ್ಲಿಂದಲಾದರೂ ಬರಲೇಬೇಕು. ಆದರೆ ಆ ಪೊಟ್ಯಾಷ್‌ನಲ್ಲಿ ದೊಡ್ಡ ಪಾಲು ಹಣ್ಣಿನ ಸಿಪ್ಪೆಯಲ್ಲಿದೆ. ಪಲ್ಪಿಂಗ್ ಮಾಡಿದ ಸಿಪ್ಪೆಯನ್ನು ಹಳ್ಳದ ಬದಿಗೆ ದಬ್ಬದೆ, ಕೊಳೆಸಿ ಗಿಡಕ್ಕೆ ಮುಟ್ಟಿಸಬೇಕು. ಮರಗಸಿಯ ಸೊಪ್ಪು ತೋಟದಲ್ಲೇ ಉಳಿಯಲಿ. ಕಾಡುಮರಗಳನ್ನೂ ಹಾಲುವಾಣವನ್ನೂ ತೆಗೆದು ಬರೀ ಸಿಲ್ವರ್ ಓಕ್ ನೆಟ್ಟವರಿಗೆ ಮೆಣಸಿನ ಬಳ್ಳಿ ಹಬ್ಬಿಸಲು ಅನುಕೂಲವಾಗಿದೆ ನಿಜ, ಮರದ ಬೆಲೆಯೂ ಉಂಟು; ಮಣ್ಣಿಗೆ ಮಾತ್ರ ನಷ್ಟವಾಗಿದೆ. ಅದರ ಎಲೆ ಬಹುಕಾಲ ಕೊಳೆಯದೆ ಬಿದ್ದಿರುತ್ತದೆ.

ಮೇಲ್ಮಣ್ಣೇ ಹರಿದುಹೋದರೆ ಇಷ್ಟೆಲ್ಲ ಮಾಡಿಯೂ ಪ್ರಯೋಜನವಿಲ್ಲ. ಎಕರೆಯ ಮೇಲಿನಿಂದ ಒಂದೇ ಒಂದು ಮಿಲಿಮೀಟರ್ ದಪ್ಪದ ಮಣ್ಣು ಹೋದರೆ ಅದು ಐದು ಟನ್ನಿಗೂ ಮಿಗಿಲು. ಲಾರಿಯಲ್ಲಿ ತರಿಸುವ ಹೊಸಮಣ್ಣಿನ ಬೆಲೆ ಗೊತ್ತಿರುವವರಿಗೆ ಇದನ್ನು ವಿವರಿಸಬೇಕಿಲ್ಲ. ಇಳಿಜಾರಿನಲ್ಲಿ ಮಳೆಗಾಲಕ್ಕೆ ಮುಂಚೆ ಕಳೆನಾಶಕ ಹೊಡೆದು ನೆಲವನ್ನು ಕೆಂಪಗೆ ಬೋಳು ಮಾಡುವ ಪದ್ಧತಿಯನ್ನು ನಾವು ಖಂಡಿತವಾಗಿ ವಿರೋಧಿಸುತ್ತೇವೆ. ಕಳೆಯನ್ನು ಕತ್ತಿಯಲ್ಲಿ ಸವರಿ, ಬೇರು ಮಣ್ಣು ಹಿಡಿದಿರಲಿ. ಕಾಫಿಯಲ್ಲಿ ಸಾಲುಗಳ ನಡುವೆ ಇಳಿಜಾರಿಗೆ ಅಡ್ಡಲಾಗಿ ತೊಟ್ಟಿಲು ಗುಂಡಿ ತೆಗೆದು, ತುಂಬಿದ ಮಣ್ಣು ದರಗನ್ನು ವರ್ಷಕ್ಕೊಮ್ಮೆ ಎತ್ತಿ ಗಿಡದ ಬುಡಕ್ಕೆ ಹಾಕಬೇಕು. ಕಣಿವೆಯ ಅಡಿಕೆ ತೋಟಗಳಲ್ಲಿ ಇದರ ತಿರುಗುಮುರುಗು: ನೀರು ನಿಂತರೆ ಬೇರು ಕೊಳೆಯುತ್ತದೆ. ಬಸಿಗಾಲುವೆಯನ್ನು ಪ್ರತಿವರ್ಷ ಬಿಡಿಸದಿದ್ದರೆ ಸುಣ್ಣ, ಸೊಪ್ಪು ಯಾವುದೂ ಕೆಲಸ ಮಾಡದು.

2018ರ ಆಗಸ್ಟಿನಲ್ಲಿ ಕೊಡಗಿನಲ್ಲಿಯೂ 2019ರ ಆಗಸ್ಟಿನಲ್ಲಿ ಮೂಡಿಗೆರೆ ಕಡೆಯಲ್ಲಿಯೂ ಗುಡ್ಡ ಜರಿದು ಬರಿಯ ಒಳಮಣ್ಣು ಹೊರಬಿದ್ದ ಜಾಗಗಳ ವಿಷಯ ಬೇರೆ. ಅಂಥಲ್ಲಿ ಕಾಫಿ ನೆಡಲು ಆತುರಪಡದೆ ಮೊದಲು ನೀರಿನ ದಾರಿ ಸರಿಪಡಿಸಿ, ಲಾವಂಚ, ಹುಲ್ಲು, ಗ್ಲಿರಿಸಿಡಿಯಾ, ಹಾಲುವಾಣಗಳಿಂದ ನೆಲ ಹಿಡಿಸಿ, ಕೆಲವು ಮಳೆಗಾಲ ಕಳೆಯಲು ಬಿಡಬೇಕು.

ಎಲೆಚುಕ್ಕಿ ರೋಗದಿಂದ ಕಂಗೆಟ್ಟಿರುವ ಅಡಿಕೆ ಸದಸ್ಯರು, ಮಣ್ಣು ಸರಿಹೋದರೆ ಆ ರೋಗ ಹೋಗುತ್ತದೆಯೇ ಎಂದು ಕೇಳುತ್ತಾರೆ. ಹಾಗೆಂದು ನಾವು ಹೇಳಲಾರೆವು. ರೋಗಕ್ಕೆ ಔಷಧ ಬೇಕೇ ಬೇಕು. ಬೇರು ಸರಿಯಿದ್ದು ಪೊಟ್ಯಾಷ್ ಸಿಗುವ ಮರವು ಉದುರಿದ ಸೋಗೆಯ ಬದಲು ಹೊಸ ಸೋಗೆ ಬಿಡಲು ಹೆಚ್ಚು ಶಕ್ತವಾಗಿರುತ್ತದೆ, ಅಷ್ಟೆ.

ಇನ್ನು ಮಣ್ಣಿನ ಮಾದರಿಯ ವಿಷಯ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಹಲವರ ಮನೆಯಲ್ಲಿದೆ. ಅದರಲ್ಲಿ ರಸಸಾರ, ಸಾವಯವ ಇಂಗಾಲ ಸೇರಿ 12 ಅಂಶಗಳಿವೆ, ಓದಿ ನೋಡಿ. ಆದರೆ ಆ ಯೋಜನೆಯಲ್ಲಿ ಮಾದರಿ ತೆಗೆದದ್ದು ಮಳೆಯಾಶ್ರಿತ ಭೂಮಿಯಲ್ಲಿ 10 ಹೆಕ್ಟೇರಿಗೆ ಒಂದು, ನೀರಾವರಿಯಲ್ಲಿ ಎರಡೂವರೆ ಹೆಕ್ಟೇರಿಗೆ ಒಂದು ಎಂಬ ಲೆಕ್ಕದಲ್ಲಿ. ನಿಮ್ಮ ಚೀಟಿಯ ಮಣ್ಣು ನೆರೆಯವರ ಗದ್ದೆಯದೂ ಆಗಿರಬಹುದು. ಆದುದರಿಂದ ಸ್ವಂತ ಮಾದರಿ ತೆಗೆಯಬೇಕು. ಗೊಬ್ಬರವೋ ಸುಣ್ಣವೋ ಹಾಕಿ ಎರಡು ಮೂರು ತಿಂಗಳಾಗಿರಲಿ. ಒಂದೊಂದು ತಾಕಿನಲ್ಲಿ ಅಂಕುಡೊಂಕಾಗಿ ನಡೆದು ಹತ್ತು ಹದಿನೈದು ಕಡೆ ದರಗು ಸರಿಸಿ, ಒಂಬತ್ತು ಅಂಗುಲ ಆಳದ ಗುಂಡಿ ತೋಡಿ, ಅದರ ಒಂದು ಬದಿಯಿಂದ ಮೇಲಿಂದ ಕೆಳತನಕ ಒಂದಂಗುಲ ದಪ್ಪ ಮಣ್ಣು ಕೆತ್ತಬೇಕು. ಎಲ್ಲವನ್ನೂ ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡನ್ನು ಬಿಟ್ಟು, ಮತ್ತೆ ಹಾಗೆಯೇ ಮಾಡುತ್ತ ಅರ್ಧ ಕಿಲೋ ಉಳಿಸಿಕೊಂಡು ನೆರಳಿನಲ್ಲಿ ಒಣಗಿಸಬೇಕು. ಅಡಿಕೆ ತೋಟದಲ್ಲಿ ಬಳಸಿನ ಒಳಗಿನದೂ ಸಾಲಿನ ನಡುವಿನದೂ ಬೇರೆ ಬೇರೆ ಚೀಲವಾಗಲಿ. ಎರಡರ ರಸಸಾರದ ವ್ಯತ್ಯಾಸವೇ ಬಹಳ ಹೇಳುತ್ತದೆ. ಗೊಬ್ಬರದ ಹಳೆಯ ಚೀಲದಲ್ಲಿ ಮಣ್ಣು ತುಂಬಿ ತಂದರೆ ಪರೀಕ್ಷೆಯಾಗುವುದು ಗೊಬ್ಬರದ್ದು.

ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಸಂಸ್ಥೆಗೋ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ ನೇರವಾಗಿ ಕೊಡಬಲ್ಲವರು ಕೊಡಬಹುದು. ದೂರವಾಗುವವರು ಬಟ್ಟೆ ಚೀಲದಲ್ಲಿ ಕಟ್ಟಿ ಸಂಘದ ಕಛೇರಿಗೆ ತಂದರೆ ಒಟ್ಟಾಗಿ ಕಳುಹಿಸುತ್ತೇವೆ. ಚೀಲದೊಳಗೆ ಸದಸ್ಯರ ಸಂಖ್ಯೆ, ಸರ್ವೆ ನಂಬರು, ತಾಕಿನ ಹೆಸರು, ಬೆಳೆ, ಕೊನೆಯ ಸಲ ಸುಣ್ಣ ಹಾಕಿದ ವರ್ಷ, ಇಷ್ಟನ್ನು ಪೆನ್ಸಿಲಿನಲ್ಲಿ ಬರೆದ ಚೀಟಿ ಇಡಬೇಕು. ಶಾಯಿ ತೇವಕ್ಕೆ ಅಳಿಸಿಹೋಗುತ್ತದೆ. ವರದಿ ಬಂದ ಮೇಲೆಯೇ ಸುಣ್ಣದ ಒಟ್ಟು ಬೇಡಿಕೆಯನ್ನು ಲೆಕ್ಕ ಹಾಕಿ ತರಿಸುವುದರಿಂದ, ವರದಿಯಿಲ್ಲದೆ ಸುಣ್ಣಕ್ಕೆ ಹೆಸರು ಬರೆಸಿಕೊಳ್ಳಲಾಗುವುದಿಲ್ಲ.